ಓದುಗರ ಪ್ರಶ್ನೆ: ಮದರ್‌ಬೋರ್ಡ್‌ನಲ್ಲಿ ಸುಟ್ಟದ್ದೆಲ್ಲಿ, ಕೆಟ್ಟದ್ದೆಲ್ಲಿ?

ಪ್ರಶ್ನೆ: ಮಾನ್ಯರೇ, ನಾಲ್ಕು ವರ್ಷಗಳಿಂದ ಯಾವ ತಂಟೆಯೂ ಇಲ್ಲದೆ ನಡೆಯುತ್ತಿದ್ದ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್ ಮೊನ್ನೆ ರಾತ್ರಿ ಕೆಲಸ ಮಾಡುತ್ತಿದ್ದಾಗಲೇ ಪಟ್ಟೆಂದು ಸದ್ದು ಮಾಡಿ ನಿಂತುಹೋಯಿತು. ಕೂಡಲೇ ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಬಂತು. ಈಗ ಗುಂಡಿ ಒತ್ತಿದರೆ ಫ್ಯಾನುಗಳು ಅರ್ಧ ಸುತ್ತು ತಿರುಗಿ ನಿಲ್ಲುತ್ತವೆ. ಕ್ಯಾಬಿನೆಟ್ ತೆರೆದಾಗ ಪ್ರೊಸೆಸರಿನ ಪಕ್ಕದಲ್ಲಿ, ಕಡಲೆಬೇಳೆಯಷ್ಟಿರುವ ಒಂದು ಚೌಕಾಕಾರದ ಕಪ್ಪು ಬಿಡಿಭಾಗದ ನೆತ್ತಿ ಬಿರಿದಿರುವುದು ಕಾಣಿಸಿತು. ಮದರ್‌ಬೋರ್ಡ್ ಹೋಗಿದೆ, ಬೇರೆ ಹಾಕಿಸಿ ಎಂದು ರಿಪೇರಿಯವರು ಹೇಳಿದ್ದಾರೆ. ಅದೇ ಮಾದರಿಯ ಬೋರ್ಡೊಂದು ಗೆಳೆಯನ ಬಳಿ ಇದೆ. ಹಳೆಯ ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ (ವಿದ್ಯುತ್ತು ಪೂರೈಸುವ ಪೆಟ್ಟಿಗೆ) ಎಲ್ಲವನ್ನೂ ಅದಕ್ಕೆ ಜೋಡಿಸಿಬಿಡಲೇ? ಅಂದಹಾಗೆ, ನನ್ನಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇದೆ.

ಉತ್ತರ: ಮೊದಲು ಒಂದು ವಿನಂತಿ. ಆ ಗುಂಡಿಯನ್ನು ಇನ್ನೊಮ್ಮೆ ಒತ್ತಬೇಡಿ, ಗೆಳೆಯರ ಬೋರ್ಡಿಗೆ ಸದ್ಯಕ್ಕೆ ಏನನ್ನೂ ಜೋಡಿಸಬೇಡಿ. ರಿಪೇರಿಯವರು ಹೇಳಿದ್ದು ಬಹುಶಃ ಸರಿಯೇ ಇರಬಹುದು. ಆದರೆ ಬೋರ್ಡ್ ಸುಟ್ಟಿದೆ ಎಂಬುದು ನೀವೇ ಕಣ್ಣಾರೆ ಕಂಡ ಸಂಗತಿ; ಅದು ಏಕೆ ಸುಟ್ಟಿತು, ಸುಡುವಾಗ ತನ್ನೊಂದಿಗೆ ಇನ್ನಾವುದನ್ನು ಕೆಡಿಸಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಬಿಡಿಭಾಗ ಬದಲಿಸಲು ಹೊರಟರೆ, ಇವತ್ತು ಒಂದಿರುವ ಸುಟ್ಟ ಬೋರ್ಡ್ ನಾಳೆ ಎರಡಾಗುವ ಸಾಧ್ಯತೆ ಇದೆ.

ಫ್ಯಾನುಗಳು ಅರ್ಧ ಸುತ್ತು ತಿರುಗಿ ನಿಲ್ಲುವುದು ಒಳ್ಳೆಯ ಸುಳಿವು. ಗುಂಡಿ ಒತ್ತಿದೊಡನೆ ಎಸ್‌ಎಂಪಿಎಸ್ ವಿದ್ಯುತ್ತು ಬಿಡುತ್ತದೆ, ಎಲ್ಲೋ ಒಂದೆಡೆ ಅದು ನೇರವಾಗಿ ಗ್ರೌಂಡಿಗೆ (ವಿದ್ಯುತ್ತು ಮರಳುವ ಸೊನ್ನೆ ವೋಲ್ಟಿನ ದಾರಿಗೆ) ಹರಿಯುತ್ತಿರುವುದನ್ನು ಗಮನಿಸಿ ತಾನೇ ಆಫ್ ಆಗುತ್ತದೆ. ಅಂದರೆ ಅದರೊಳಗಿನ ಶಾರ್ಟ್ ರಕ್ಷಣೆ ಇನ್ನೂ ಜೀವಂತವಾಗಿದೆ. ಆದರೆ ಪ್ರತಿ ಸಲ ಗುಂಡಿ ಒತ್ತಿದಾಗಲೂ ಆ ಕ್ಷಣಮಾತ್ರದ ಕರೆಂಟು ಸುಟ್ಟ ಜಾಗದ ಮೂಲಕವೇ ಹಾದುಹೋಗುತ್ತದೆ, ಬೋರ್ಡಿನ ಪದರಗಳನ್ನು ಇನ್ನಷ್ಟು ಕರಕಲಾಗಿಸುತ್ತದೆ. ಬೇಡವೆಂದದ್ದು ಈ ಕಾರಣಕ್ಕೆ.

ನೀವು ವರ್ಣಿಸಿರುವ ಕಪ್ಪು ಬಿಡಿಭಾಗ ಹೆಚ್ಚುಕಡಿಮೆ ಖಚಿತವಾಗಿ ಒಂದು ಮಾಸ್‌ಫೆಟ್, ಅಂದರೆ ವಿದ್ಯುತ್ತನ್ನು ಬಿಡುವ, ತಡೆಯುವ ಪುಟ್ಟ ಸ್ವಿಚ್. ಅದರ ಪಕ್ಕದಲ್ಲಿ ಬೂದು ಇಲ್ಲವೆ ಕಪ್ಪು ಬಣ್ಣದ ದಪ್ಪ ಚೌಕಗಳ ಸಾಲೊಂದು ಇರಬೇಕು, ಅವು ಚೋಕ್‌ಗಳು, ಅಂದರೆ ತಂತಿಯ ಸುರುಳಿ ಅಡಗಿರುವ ಬಿಡಿಭಾಗಗಳು. ಇವೆಲ್ಲ ಸೇರಿ ಮಾಡುವ ಕೆಲಸವೆಂದರೆ, ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1 ವೋಲ್ಟಿನ ಆಸುಪಾಸಿಗೆ ಇಳಿಸುವುದು. ವೋಲ್ಟ್ ಇಳಿದಷ್ಟೂ ಕರೆಂಟು ಏರಬೇಕಲ್ಲವೇ? 100 ವ್ಯಾಟ್ ಬೇಡುವ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ 80 ಆಂಪಿಯರಿಗೂ ಹೆಚ್ಚು ಕರೆಂಟು ಬೇಕು. ಉಗುರಿನಷ್ಟು ಅಗಲದ ಈ ಬಿಡಿಭಾಗಗಳು ಅದನ್ನು ಹಂಚಿಕೊಂಡು, ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತಾ ಹೊರುತ್ತವೆ. ಇಡೀ ಬೋರ್ಡಿನಲ್ಲಿ ಅತಿ ಹೆಚ್ಚು ಬಿಸಿ ತಿನ್ನುವ ಜಾಗಗಳಲ್ಲಿ ಇದೊಂದು. ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇಲ್ಲದ ಬೋರ್ಡಿಗೆ ಭಾರೀ ಪ್ರೊಸೆಸರ್ ಹಾಕಿದ್ದರೆ, ಇದ್ದ ಹೀಟ್‌ಸಿಂಕಿನ ಮೇಲೆ ಧೂಳು ಹತ್ತಿಯಂತೆ ಕವಿದಿದ್ದರೆ, ಮೊದಲು ಬಿರಿಯುವುದು ಇಲ್ಲಿಯೇ.

ಪ್ರತಿ ಚೋಕಿನ ಹಿಂದೆಯೂ ಸಾಮಾನ್ಯವಾಗಿ ಮೇಲಿನದು, ಕೆಳಗಿನದು ಎಂದು ಎರಡು ಮಾಸ್‌ಫೆಟ್‌ಗಳಿರುತ್ತವೆ; ಕೆಲವು ಬೋರ್ಡುಗಳಲ್ಲಿ ಎರಡೂ ಒಂದೇ ಚಿಪ್ಪಿನೊಳಗೆ ಅಡಗಿರುವುದುಂಟು. ಮೇಲಿನದು 12 ವೋಲ್ಟಿಗೂ ಚೋಕಿಗೂ ನಡುವಿನ ಬಾಗಿಲು, ಕೆಳಗಿನದು ಚೋಕಿಗೂ ಗ್ರೌಂಡಿಗೂ ನಡುವಿನದು. ಮಾಸ್‌ಫೆಟ್ ಕೆಟ್ಟಾಗ ಬಹುತೇಕ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಬಾಗಿಲು ತೆರೆದೇ ಉಳಿಯುತ್ತದೆ. ಕೆಳಗಿನದು ಶಾರ್ಟ್ ಆದರೆ ಪ್ರೊಸೆಸರಿಗೆ ವಿದ್ಯುತ್ತು ತಲುಪದೆ ಗ್ರೌಂಡಿಗೆ ಹೋಗುತ್ತದೆ, ಪ್ರೊಸೆಸರ್ ಬಹುಪಾಲು ಉಳಿದುಕೊಳ್ಳುತ್ತದೆ. ಮೇಲಿನದು ಶಾರ್ಟ್ ಆದರೆ 1 ವೋಲ್ಟಿನ ಜೀವಕ್ಕೆ 12 ವೋಲ್ಟ್ ನುಗ್ಗುತ್ತದೆ. ರಕ್ಷಣಾ ವ್ಯವಸ್ಥೆ ಸಕಾಲಕ್ಕೆ ಎಚ್ಚೆತ್ತು ಪ್ರೊಸೆಸರನ್ನು ಉಳಿಸಿದ ಉದಾಹರಣೆಗಳಿವೆ, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ನಿಮ್ಮ ಹಳೆಯ ಪ್ರೊಸೆಸರಿನ ಗತಿ ಏನಾಗಿದೆ ಎಂಬುದು ಎರಡರಲ್ಲಿ ಯಾವುದು ಹೋಗಿದೆ ಎಂಬುದರ ಮೇಲೆ ನಿಂತಿದೆ. ಅದನ್ನು ನಿಮ್ಮ ಸಾಧಾರಣ ಮಲ್ಟಿಮೀಟರೇ ಹೇಳಬಲ್ಲದು.

ಗೋಡೆಯ ಪ್ಲಗ್ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿಕೆ ವಿದ್ಯುತ್ತನ್ನು ಇಳಿಸಿ. (ಗುಂಡಿ ಒತ್ತಬೇಡಿ ಎಂದ ನನ್ನ ಮಾತು ಪ್ಲಗ್ ಇದ್ದಾಗಿನದು.) ಆಮೇಲೆ ಬೋರ್ಡಿಗೆ ಬಂದಿರುವ 24 ಪಿನ್ನಿನ ದೊಡ್ಡ ಕೇಬಲನ್ನೂ ಪ್ರೊಸೆಸರಿನ ಬಳಿಯ 4 ಅಥವಾ 8 ಪಿನ್ನಿನ ಕೇಬಲನ್ನೂ ತೆಗೆಯಿರಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನೂ ಕಳಚಿ, ಏಕೆಂದರೆ ಕಾರ್ಡಿನೊಳಗೆ ಶಾರ್ಟ್ ಇದ್ದರೂ ಫ್ಯಾನುಗಳು ಇದೇ ರೀತಿ ಅರ್ಧ ಸುತ್ತಿಗೆ ನಿಲ್ಲುತ್ತವೆ. ಕೇಬಲ್ ತೆಗೆಯುವಾಗಲೇ ಅದರ ಬಾಯನ್ನು ಒಮ್ಮೆ ನೋಡಿ. ಬಿಳಿಯ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಒಂದು ಪಿನ್ನಿನ ಸುತ್ತ ಕರಗಿ ಅಂಟಿಕೊಂಡಿದ್ದರೆ, ದೋಷ ಮಾಸ್‌ಫೆಟ್‌ನಲ್ಲಿ ಹುಟ್ಟದೆ ಸಡಿಲವಾಗಿ ಕೂತ ಆ ಪಿನ್ನಿನಲ್ಲಿ ಹುಟ್ಟಿರುವ ಸಾಧ್ಯತೆಯನ್ನು ಪರಿಗಣಿಸಬೇಕಾಗುತ್ತದೆ.

ಮೀಟರನ್ನು ಓಮ್ ಅಳತೆಗೆ ಇಟ್ಟು, ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ಎಂದು ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ 0.2ರಿಂದ 0.5 ಓಮ್ ಬರುತ್ತದೆ; ಅದು ತಂತಿಯದೇ ರೋಧ. ಬಳಿಕ ಪ್ರೊಸೆಸರ್ ಬಳಿಯ ಆ ಸಾಕೆಟ್ಟಿನಲ್ಲಿ 12 ವೋಲ್ಟಿನ ಪಿನ್ನಿಗೂ ಗ್ರೌಂಡಿಗೂ ನಡುವೆ ಅಳೆಯಿರಿ. ಹಳದಿ ತಂತಿಗೆ ಎದುರಾಗುವುದು 12 ವೋಲ್ಟಿನ ಪಿನ್, ಕಪ್ಪು ತಂತಿಗೆ ಎದುರಾಗುವುದು ಗ್ರೌಂಡ್. ತಂತಿಗಳೆಲ್ಲ ಕಪ್ಪಾಗಿದ್ದರೆ, ಕೇಬಲಿನ ಕೊಕ್ಕೆ ಇರುವ ಬದಿಯ ಸಾಲೇ 12 ವೋಲ್ಟಿನದು. ಬೋರ್ಡ್ ಸುಸ್ಥಿತಿಯಲ್ಲಿದ್ದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರುಗಳು ತುಂಬಿಕೊಳ್ಳುತ್ತಿದ್ದಂತೆ ಅಂಕಿ ಏರುತ್ತಾ ಹೋಗಿ ನೂರಾರು ಅಥವಾ ಸಾವಿರಾರು ಓಮ್‌ಗಳಲ್ಲಿ ನಿಲ್ಲುತ್ತದೆ. ಒಂದೆರಡು ಓಮ್‌ನಲ್ಲೇ ಕದಲದೆ ನಿಂತರೆ ಶಾರ್ಟ್ ಇದೆ ಎಂದರ್ಥ.

ಇನ್ನು ಮುಖ್ಯವಾದ ಅಳತೆ. ಒಂದು ಕಡ್ಡಿ 12 ವೋಲ್ಟಿನ ಪಿನ್ನಿನಲ್ಲೇ ಇರಲಿ, ಇನ್ನೊಂದನ್ನು ಯಾವುದಾದರೂ ಚೋಕಿನ ಬೆಸುಗೆ ಕಾಣುವ ಕಾಲಿಗೆ ಮುಟ್ಟಿಸಿ. ಅಲ್ಲಿ ಶೂನ್ಯದ ಹತ್ತಿರದ ಅಂಕಿ ಬಂದರೆ ಮೇಲಿನ ಮಾಸ್‌ಫೆಟ್ ಹೋಗಿದೆ, ಪ್ರೊಸೆಸರಿಗೆ 12 ವೋಲ್ಟ್ ತಗುಲಿದೆ ಎಂದೇ ಭಾವಿಸಿ ಮುಂದುವರಿಯಿರಿ. ಒಂದನ್ನು ಮುಟ್ಟಿ ನೋಡಿದಾಗ ಎಲ್ಲ ಚೋಕ್‌ಗಳಲ್ಲೂ ಅದೇ ಅಂಕಿ ಬರುವುದನ್ನು ಕಂಡು ಎಲ್ಲವೂ ಕೆಟ್ಟಿವೆ ಎಂದು ಗಾಬರಿಯಾಗಬೇಡಿ. ಚೋಕ್‌ಗಳ ಇನ್ನೊಂದು ತುದಿಗಳೆಲ್ಲ ಒಂದೇ ತಾಮ್ರದ ಹಾಸಿನಲ್ಲಿ ಕೂಡಿಕೊಂಡಿರುವುದರಿಂದ ಒಂದರ ದೋಷ ಎಲ್ಲದರಲ್ಲೂ ಕಾಣಿಸುತ್ತದೆ.

ಇಲ್ಲಿಯೇ ಬಹಳ ಮಂದಿ ಎಡವುವುದು. ಚೋಕಿನಿಂದ ಗ್ರೌಂಡಿಗೆ ಅಳೆದಾಗ ಮೀಟರ್ ‘ಪೀ’ ಎಂದು ಕೂಗಿದೊಡನೆ ಶಾರ್ಟ್ ಸಿಕ್ಕಿತೆಂದು ತೀರ್ಮಾನಿಸಿಬಿಡುತ್ತಾರೆ. ಪ್ರೊಸೆಸರ್ ಕೂತಿರುವಾಗ ಆ ದಾರಿಯ ರೋಧ ಸಹಜವಾಗಿಯೇ ಕೆಲವೇ ಓಮ್, ಭಾರೀ ಪ್ರೊಸೆಸರುಗಳಲ್ಲಿ ಒಂದು ಓಮ್‌ಗಿಂತಲೂ ಕಡಿಮೆ ಇರುತ್ತದೆ. ಮೀಟರಿನ ಬಜರ್ ಹತ್ತಾರು ಓಮ್ ಇದ್ದರೂ ಕೂಗುತ್ತದೆ. ಆದ್ದರಿಂದ ಆ ಜಾಗದಲ್ಲಿ ಕಿವಿಯನ್ನು ನಂಬದೆ ಅಂಕಿಯನ್ನೇ ಓದಬೇಕು, ಪ್ರೊಸೆಸರನ್ನು ತೆಗೆದು ಮತ್ತೊಮ್ಮೆ ಅಳೆದು ಹೋಲಿಸಬೇಕು. ಪ್ರೊಸೆಸರ್ ಇಲ್ಲದಾಗಲೂ ಶೂನ್ಯವೇ ಬಂದರೆ ಕೆಳಗಿನ ಮಾಸ್‌ಫೆಟ್ ಅಥವಾ ಅಲ್ಲಿನ ಯಾವುದೋ ಕೆಪ್ಯಾಸಿಟರ್ ಶಾರ್ಟ್ ಆಗಿದೆ.

ಈಗ ಎಸ್‌ಎಂಪಿಎಸ್ ವಿಚಾರ. ಅದನ್ನು ಎಲ್ಲದರಿಂದಲೂ ಬಿಡಿಸಿ, ಹೊರಗಿಟ್ಟು ಒಂಟಿಯಾಗಿ ಪರೀಕ್ಷಿಸಿ. 24 ಪಿನ್ನಿನ ಕೇಬಲಿನಲ್ಲಿ ಇರುವ ಒಂದೇ ಒಂದು ಹಸಿರು ತಂತಿಯನ್ನು ಯಾವುದಾದರೂ ಕಪ್ಪು ತಂತಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸಿ ಆಮೇಲೆ ಪ್ಲಗ್ ಹಾಕಿದರೆ ಅದು ಚಾಲೂ ಆಗುತ್ತದೆ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಈ ಮಿತಿಯ ಹೊರಗೆ ಹೋದರೆ ಆ ಎಸ್‌ಎಂಪಿಎಸ್ ಅನ್ನು ಅಲ್ಲಿಗೇ ಬಿಟ್ಟುಬಿಡಿ. ಮಿತಿಯೊಳಗೆ ಬಂದರೆ ಅದು ನಿರ್ದೋಷಿ ಎಂದು ಹೇಳಲಾಗದು. ಹೊರೆ ಇಲ್ಲದೆ ಸರಿಯಾಗಿ ತೋರುವ ಎಸ್‌ಎಂಪಿಎಸ್ ಹೊರೆ ಬಿದ್ದಾಗ ಕುಸಿಯಬಹುದು, ವೋಲ್ಟಿನ ಮೇಲೆ ಸವಾರಿ ಮಾಡುವ ಏರಿಳಿತವನ್ನು ಮಲ್ಟಿಮೀಟರ್ ಕಾಣಲಾರದು. ಮೂಗಿಗೂ ಇಲ್ಲಿ ಕೆಲಸವಿದೆ. ಎಸ್‌ಎಂಪಿಎಸ್‌ನ ಜಾಲರಿಯ ಬಳಿ ಮೂಸಿ ನೋಡಿ. ಬೋರ್ಡಿನಲ್ಲಿ ಬರುವುದಕ್ಕಿಂತ ಹೆಚ್ಚು ಕಮಟು ಅಲ್ಲಿದ್ದರೆ ಮೊದಲು ಕೆಟ್ಟದ್ದು ಅದೇ ಇರಬಹುದು. ಆದರೆ ಅದರ ಮುಚ್ಚಳ ಬಿಚ್ಚಲು ಮಾತ್ರ ಹೋಗಬೇಡಿ. ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಕುಳಿತಿರಬಹುದು.

ಇಷ್ಟಾದ ಮೇಲೆ ಗೆಳೆಯರ ಬೋರ್ಡಿನ ಪ್ರಶ್ನೆಗೆ ಬರೋಣ. ಬದಲಾಯಿಸಿ ನೋಡುವುದರಲ್ಲಿಯೂ ಒಂದು ಕ್ರಮವಿದೆ. ಒಳ್ಳೆಯ ಪ್ರೊಸೆಸರನ್ನು ಸಂಶಯವಿರುವ ಬೋರ್ಡಿನ ಮೇಲೆ ಯಾವ ಕಾರಣಕ್ಕೂ ಕೂರಿಸಬಾರದು, ಸಂಶಯವಿರುವ ಎಸ್‌ಎಂಪಿಎಸ್ ಅನ್ನು ಒಳ್ಳೆಯ ಬೋರ್ಡಿಗೆ ಕಟ್ಟಬಾರದು. ಒಳ್ಳೆಯ ಬೋರ್ಡಿನ ಮೇಲೆ ಸಂಶಯವಿರುವ ಪ್ರೊಸೆಸರನ್ನು ಕೂರಿಸುವುದರಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೆನ್ನಲಾಗದು. ಕೂರಿಸಿದ ಮೇಲೆ ವಿದ್ಯುತ್ತು ಕೊಡುವ ಮೊದಲು ಚೋಕಿನಿಂದ ಗ್ರೌಂಡಿಗೆ ಅಳೆದು, ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬಂದ ಅಂಕಿಯೇ ಬರುತ್ತದೆಯೇ ಎಂದು ನೋಡಿಕೊಳ್ಳಿ. ಹಾಗೆ ಬಂದರೆ ಗುಂಡಿ ಒತ್ತದೆ ತೆಗೆದುಬಿಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾಲ್ಕು ವರ್ಷ ದುಡಿದ ಎಸ್‌ಎಂಪಿಎಸ್ ಅನ್ನು, ಪರೀಕ್ಷೆಯಲ್ಲಿ ಪಾಸಾದರೂ, ಗೆಳೆಯರ ಬೋರ್ಡಿಗೆ ಕಟ್ಟುತ್ತಿರಲಿಲ್ಲ.

ಹೊಸ ಎಸ್‌ಎಂಪಿಎಸ್ ಹಾಕುವುದಾದರೆ ಅದರ ಜೊತೆ ಬಂದ ಕೇಬಲುಗಳನ್ನೇ ಬಳಸಿ. ಇದನ್ನು ನಾನು ನಷ್ಟಪಟ್ಟು ಕಲಿತದ್ದು. ಕೇಬಲುಗಳನ್ನು ಎರಡೂ ತುದಿಯಲ್ಲಿ ಕಳಚಬಹುದಾದ ಎಸ್‌ಎಂಪಿಎಸ್ ಒಂದನ್ನು ಬದಲಿಸುವಾಗ, ಹಳೆಯ ಕೇಬಲುಗಳನ್ನು ಅಚ್ಚುಕಟ್ಟಾಗಿ ಕಟ್ಟಿದ್ದೇನಲ್ಲ, ಅವನ್ನೇಕೆ ಬಿಚ್ಚಲಿ ಎಂದು ಸೋಮಾರಿತನ ಮಾಡಿದೆ. ತುದಿ ಸಲೀಸಾಗಿ ಕೂತಿತು. ಸ್ವಿಚ್ ಹಾಕಿದಾಗ ಹಾರ್ಡ್ ಡಿಸ್ಕಿನ ಬೋರ್ಡಿನಿಂದ ದಾರದಂಥ ಹೊಗೆ ಎದ್ದಿತು. ಬಿಡಿಭಾಗಕ್ಕೆ ಸಿಕ್ಕಿಸುವ ತುದಿಗೆ ಮಾತ್ರ ಒಪ್ಪಿತ ಮಾನದಂಡವಿದೆ. ಎಸ್‌ಎಂಪಿಎಸ್‌ಗೆ ಸಿಕ್ಕಿಸುವ ತುದಿಯಲ್ಲಿ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಎಂಬುದನ್ನು ಆಯಾ ತಯಾರಕರೇ ನಿರ್ಧರಿಸುತ್ತಾರೆ, ಕೆಲವೊಮ್ಮೆ ಒಬ್ಬರೇ ತಯಾರಕರ ಎರಡು ಮಾದರಿಗಳಲ್ಲೂ ಅದು ಬೇರೆಯಾಗಿರುತ್ತದೆ.

ಕೊನೆಯದಾಗಿ, ಸುಟ್ಟ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದಾಗ ಅದರ ಬೆನ್ನನ್ನೂ ನೋಡಿ. ಬೋರ್ಡಿನ ತೂತಿಗೆ ಎದುರಾಗದ ಜಾಗದಲ್ಲಿ ಮರೆತು ಉಳಿದ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ), ಕೆಳಗೆ ಬಿದ್ದು ಸಿಕ್ಕಿಕೊಂಡ ಸ್ಕ್ರೂ, ಬೆಚ್ಚಗಿರುವ ಮೂಲೆಯನ್ನು ಹುಡುಕಿಕೊಂಡು ಬಂದ ಜಿರಲೆ ಇವುಗಳಲ್ಲಿ ಯಾವುದೂ ಶಾರ್ಟಿಗೆ ಕಾರಣವಾಗಬಲ್ಲದು. ಮುಂದಿನ ಯುಎಸ್‌ಬಿ ಕಿಂಡಿಗಳೊಳಗೆ ಬಾಗಿದ ಪಿನ್ ಇದೆಯೇ ಎಂದೂ ಟಾರ್ಚ್ ಬಿಟ್ಟು ನೋಡಿ. ಇಂಥದ್ದು ಕ್ಯಾಬಿನೆಟ್‌ನಲ್ಲೇ ಉಳಿದರೆ ಹೊಸ ಬೋರ್ಡಿನ ಬೆನ್ನಿಗೂ ಅದೇ ಕಾದಿರುತ್ತದೆ.

ಪ್ರಶ್ನೆ: ನನ್ನ ಕಂಪ್ಯೂಟರ್ ಕೂಡ ಇದ್ದಕ್ಕಿದ್ದಂತೆ ಸತ್ತಿದೆ. ಆದರೆ ಎಲ್ಲಿಯೂ ಸುಟ್ಟ ಗುರುತಿಲ್ಲ, ವಾಸನೆಯೂ ಇಲ್ಲ, ಫ್ಯಾನ್ ಅಲುಗುವುದೂ ಇಲ್ಲ. ಬೋರ್ಡ್ ಒಳಗೊಳಗೇ ಸುಟ್ಟಿರಬಹುದೇ?

ಉತ್ತರ: ಇರಬಹುದು, ಆದರೆ ಅಷ್ಟು ದೂರ ಹೋಗುವ ಅವಶ್ಯಕತೆ ಸದ್ಯ ಕಾಣುವುದಿಲ್ಲ. ಗುಂಡಿ ಒತ್ತುವ ಮೊದಲೇ, ಪ್ಲಗ್ ಹಾಕಿದ ಕ್ಷಣದಿಂದ ಬೋರ್ಡಿಗೆ 5 ವೋಲ್ಟಿನ ಒಂದು ಕಾಯುವ ವಿದ್ಯುತ್ತು ಬರುತ್ತಿರಬೇಕು. ಗುಂಡಿ ಒತ್ತಿದ್ದನ್ನು ಗುರುತಿಸುವುದು ಅದರ ಬಲದಿಂದಲೇ. ನೇರಳೆ ಬಣ್ಣದ ತಂತಿಯಲ್ಲಿ ಅದನ್ನು ಅಳೆಯಬಹುದು. ಅದು ಇಲ್ಲವಾದರೆ ಬೋರ್ಡಿನಿಂದ ಕೇಬಲ್ ಕಳಚಿ ಮತ್ತೆ ಅಳೆಯಿರಿ. ಆಗಲೂ ಇಲ್ಲದಿದ್ದರೆ ದೋಷ ಎಸ್‌ಎಂಪಿಎಸ್‌ನದು. ಕಳಚಿದೊಡನೆ ಮರಳಿ ಬಂದರೆ ಬೋರ್ಡ್ ಅದನ್ನು ಕೆಳಕ್ಕೆ ಎಳೆಯುತ್ತಿದೆ. ನೇರಳೆ ತಂತಿ ಸರಿಯಾಗಿದ್ದೂ ಏನೂ ನಡೆಯದಿದ್ದರೆ, ಕ್ಯಾಬಿನೆಟ್ಟಿನ ಗುಂಡಿಯಿಂದ ಬರುವ ಸಣ್ಣ ತಂತಿಯನ್ನು ಬೋರ್ಡಿನಿಂದ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಮುಟ್ಟಿಸಿ. ಬೋರ್ಡ್ ಸತ್ತಿದೆ ಎಂದು ನನ್ನ ಬಳಿ ಬಂದ ಕಂಪ್ಯೂಟರುಗಳಲ್ಲಿ ಸತ್ತಿದ್ದು ಗುಂಡಿ ಮಾತ್ರ ಎಂದು ತಿಳಿದು ಎಲ್ಲರೂ ಪೆಚ್ಚಾದದ್ದುಂಟು.

ಅದಕ್ಕೂ ಜಗ್ಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ತೆಗೆದು ಒಣ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್ ಇಷ್ಟರಿಂದಲೇ ನಡೆಸಿ ನೋಡಿ. ಬೋರ್ಡ್ ಬಂದಿದ್ದ ಹೊಳೆಯುವ ಚೀಲದ ಮೇಲೆ ಇಡಬೇಡಿ. ಸ್ಥಿರವಿದ್ಯುತ್ತನ್ನು ತಡೆಯಲೆಂದು ಅದರಲ್ಲಿ ಲೋಹದ ಪದರವಿರುತ್ತದೆ. ಗುಂಡಗಿರುವ ಕೆಪ್ಯಾಸಿಟರುಗಳ ನೆತ್ತಿಯನ್ನು ಬೆರಳಿನಿಂದ ಸವರಿದರೆ ಕಣ್ಣಿಗೆ ಕಾಣದ ಉಬ್ಬು ತಿಳಿಯುತ್ತದೆ. 2000ದ ಆಸುಪಾಸಿನ ಕೆಲವು ವರ್ಷಗಳಲ್ಲಿ ತಯಾರಾದ ಬೋರ್ಡುಗಳು ಕೆಪ್ಯಾಸಿಟರಿನೊಳಗಿನ ದ್ರವದ ದೋಷದಿಂದ ರಾಶಿರಾಶಿಯಾಗಿ ಹೀಗೆ ಉಬ್ಬಿ ಸತ್ತವು. ಈಗಿನ ಬೋರ್ಡುಗಳಲ್ಲಿ ಹೆಚ್ಚಾಗಿ ಘನ ಪಾಲಿಮರಿನವು ಇರುವುದರಿಂದ ಉಬ್ಬು ಕಾಣದಿದ್ದ ಮಾತ್ರಕ್ಕೆ ಕೆಪ್ಯಾಸಿಟರ್ ಚೆನ್ನಾಗಿದೆ ಎನ್ನಲು ಬರುವುದಿಲ್ಲ.

ಪ್ರಶ್ನೆ: ಮಾಸ್‌ಫೆಟ್ ಒಂದನ್ನು ಬದಲಿಸಿದರೆ ಬೋರ್ಡ್ ಉಳಿಯುತ್ತದೆ ಎಂದು ಒಬ್ಬರು, ಸುಟ್ಟ ಬೋರ್ಡನ್ನು ಮುಟ್ಟಲೇಬಾರದು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಬೋರ್ಡ್ ಎಷ್ಟು ಆಳಕ್ಕೆ ಸುಟ್ಟಿದೆ ಎಂಬುದರ ಮೇಲೆ ಇಬ್ಬರ ಮಾತೂ ಸರಿ. ಮದರ್‌ಬೋರ್ಡ್ ನೋಡಲು ಒಂದೇ ಹಲಗೆಯಾದರೂ ಅದರೊಳಗೆ ನಾಲ್ಕು, ಆರು ಅಥವಾ ಅದಕ್ಕೂ ಹೆಚ್ಚು ತಾಮ್ರದ ಪದರಗಳಿರುತ್ತವೆ. ನಡುನಡುವೆ ಗಾಜಿನ ನೂಲು ಮತ್ತು ರಾಳದ ಹಾಳೆ. ರಾಳ ಕರಕಲಾದರೆ ಅದು ಇಂಗಾಲವಾಗುತ್ತದೆ, ಇಂಗಾಲದಲ್ಲಿ ವಿದ್ಯುತ್ತು ಹರಿಯುತ್ತದೆ. ಅಂದರೆ ಸುಟ್ಟ ಬಿಡಿಭಾಗವನ್ನು ತೆಗೆದು ಹೊಸದನ್ನು ಬೆಸೆದರೂ ಕೆಳಗಿನ ಹಲಗೆಯೇ ಶಾರ್ಟ್ ಆಗಿ ಉಳಿಯಬಹುದು. ಬಿಡಿಭಾಗವನ್ನು ಕಿತ್ತು, ಆ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದಾಗ ಕೆಳಗೆ ಹಸಿರು ಅಥವಾ ಕಪ್ಪು ಮೆರುಗು ಹಾಗೆಯೇ ಇದ್ದರೆ, ಶಾರ್ಟ್ ಮಾಯವಾಗಿದ್ದರೆ, ರಿಪೇರಿಗೆ ಅರ್ಥವಿದೆ. ಕುಳಿ ಬಿದ್ದಿದ್ದರೆ, ಉಗುರಿನಿಂದ ಕೆರೆದಾಗ ಇದ್ದಿಲಿನ ಪುಡಿ ಉದುರಿದರೆ, ಕರಕಲನ್ನೆಲ್ಲ ಕೊರೆದು ತೆಗೆದು ಒಳಪದರಗಳನ್ನು ಬೇರ್ಪಡಿಸಬೇಕಾಗುತ್ತದೆ. ಅದು ಬಲ್ಲವರ ಕೈಯ ಕೆಲಸ. ಹಾಗೆ ರಿಪೇರಿಯಾದ ಬೋರ್ಡನ್ನು ಹಗಲೆಲ್ಲ ಒಬ್ಬಂಟಿಯಾಗಿ ನಡೆಯಲು ಬಿಟ್ಟು ಹೋಗಲು ನನಗಂತೂ ಧೈರ್ಯ ಬರುವುದಿಲ್ಲ. ಬಿಡಿಭಾಗ ಬದಲಿಸುವವರು ಅದನ್ನು ನಡೆಸುವ ಡ್ರೈವರ್ ಚಿಪ್ಪನ್ನೂ ನೋಡಿದ್ದಾರೆಯೇ ಎಂದು ಕೇಳಿ. ಮಾಸ್‌ಫೆಟ್ ಸಾಯುವಾಗ ಬಹಳ ಸಲ ಅದನ್ನೂ ಕರೆದೊಯ್ಯುತ್ತದೆ, ಅದನ್ನು ಬದಲಿಸದೆ ಹಾಕಿದ ಹೊಸ ಮಾಸ್‌ಫೆಟ್ ಮೊದಲ ಸ್ವಿಚ್ಚಿಗೇ ಹೋಗುತ್ತದೆ.

ಪ್ರಶ್ನೆ: ಬೋರ್ಡ್ ಹೋದರೆ ಹೋಗಲಿ, ನನಗೆ ಒಳಗಿರುವ ಕಡತಗಳು ಬೇಕು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಬಹುದೇ?

ಉತ್ತರ: ಹಾಕಬಹುದು. ಬೋರ್ಡ್ ಸುಟ್ಟ ಮಾತ್ರಕ್ಕೆ ಡಿಸ್ಕಿನಲ್ಲಿರುವುದು ಅಳಿಯುವುದಿಲ್ಲ. ನೇರವಾಗಿ ಇನ್ನೊಂದು ಕಂಪ್ಯೂಟರಿನೊಳಗೆ ಕೂರಿಸುವ ಬದಲು ಯುಎಸ್‌ಬಿಗೆ ಸಿಕ್ಕಿಸುವ ಡಬ್ಬಿಯ ಮೂಲಕ ಓದಿಸಿ, ಡಿಸ್ಕ್ ಶಾರ್ಟ್ ಆಗಿದ್ದರೂ ನಷ್ಟ ಆ ಡಬ್ಬಿಯಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು. ತಿರುಗುವ ಹಾರ್ಡ್ ಡಿಸ್ಕುಗಳ ಬೋರ್ಡಿನಲ್ಲಿ ವೋಲ್ಟ್ ಹೆಚ್ಚಾದಾಗ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುವ ಡಯೋಡುಗಳಿರುವುದು ಸಾಮಾನ್ಯ. ನಾನು ಮೇಲೆ ಹೇಳಿದ ನನ್ನ ಡಿಸ್ಕಿನಲ್ಲಿ ಹೊಗೆಯಾಡಿದ್ದು ಆ ಡಯೋಡು, ಕಡತಗಳು ಉಳಿದವು.

ಮರೆಯಬಾರದ ಒಂದು ಸಂಗತಿ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ. ಹೊಸ ವಿಂಡೋಸ್ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ಬೀಗ ಹಾಕಿದ್ದರೆ ಅದರ ಕೀಲಿ ಸುಟ್ಟ ಬೋರ್ಡಿನ ಅಥವಾ ಹಳೆಯ ಪ್ರೊಸೆಸರಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿ ಉಳಿದಿರುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಡಿಸ್ಕ್ ತೆರೆಯಬೇಕಾದರೆ 48 ಅಂಕಿಗಳ ರಿಕವರಿ ಕೀ ಬೇಕು. ಎಷ್ಟೋ ಜನರಿಗೆ ತಮ್ಮ ಡಿಸ್ಕಿಗೆ ಬೀಗವಿದೆ ಎಂಬುದು ತಿಳಿಯುವುದೇ ಇಂಥ ದಿನ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರು ಆ ಖಾತೆಯೊಳಗೆ ಹುಡುಕಿ ನೋಡಿ, ಕೀ ಅಲ್ಲಿ ಇರುವ ಸಂಭವವಿದೆ. ಕಚೇರಿಯ ಕಂಪ್ಯೂಟರಾದರೆ ಅಲ್ಲಿನ ಕಂಪ್ಯೂಟರ್ ವಿಭಾಗದವರನ್ನು ಕೇಳಿ. ಕೀ ಕೈಗೆ ಸಿಗುವವರೆಗೆ ಹಳೆಯ ಬೋರ್ಡನ್ನೂ ಪ್ರೊಸೆಸರನ್ನೂ ಗುಜರಿಗೆ ಕೊಡಬೇಡಿ.

ಪ್ರಶ್ನೆ: ಸ್ಪೈಕ್ ಬಸ್ಟರ್ ಹಾಕಿದ್ದರೂ ಗುಡುಗು ಮಳೆಯ ದಿನ ಬೋರ್ಡ್ ಸುಟ್ಟಿತು. ಹಾಗಾದರೆ ಅದರಿಂದ ಪ್ರಯೋಜನವೇನು?

ಉತ್ತರ: ಸ್ಪೈಕ್ ಬಸ್ಟರಿನೊಳಗೆ ಕೆಲಸ ಮಾಡುವುದು ನಾಣ್ಯದಾಕಾರದ ವೇರಿಸ್ಟರ್ ಎಂಬ ಬಿಲ್ಲೆ. ಪ್ರತಿ ಹೊಡೆತವನ್ನು ನುಂಗಿದಾಗಲೂ ಅದು ಸ್ವಲ್ಪ ಸವೆಯುತ್ತದೆ, ಸವೆದು ಮುಗಿದ ಮೇಲೂ ಆ ಪಟ್ಟಿ ವಿದ್ಯುತ್ತನ್ನು ಎಂದಿನಂತೆ ಕೊಡುತ್ತಲೇ ಇರುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅರ್ಥಿನತ್ತ ಹರಿಯಬೇಕಾದ ಹೊಡೆತಕ್ಕೆ ದಾರಿಯೇ ಇರುವುದಿಲ್ಲ. ನಿಮ್ಮ ಬೋರ್ಡಿನಲ್ಲಿ ಸುಟ್ಟ ಗುರುತು ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿಯ ಹಿಂದೆಯೇ ಇದೆಯೇ ನೋಡಿ. ಇದ್ದರೆ ಹೊಡೆತ ವಿದ್ಯುತ್ ತಂತಿಯಲ್ಲಿ ಬಾರದೆ ಆ ಕೇಬಲಿನಲ್ಲಿ ಬಂದಿದೆ, ಅದರ ಇನ್ನೊಂದು ತುದಿಯ ರೌಟರನ್ನೂ ಪರೀಕ್ಷಿಸಬೇಕು. ಗುಡುಗುವ ದಿನ ಗೋಡೆಯ ಪ್ಲಗ್ಗಿನೊಂದಿಗೆ ಆ ಕೇಬಲನ್ನೂ ಕಿತ್ತಿಡಿ.